ನಾಳ ಬಿಗಿಯಲೇಬೇಕಿತ್ತು

ಗುಮಾಸ್ತನ ಊಟದ ಡಬ್ಬಿಗೆ ಕಾಲೇಜಿನ ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ. ಅವನು ಒಂದು ಪುಟ್ಟ ಸೀಸೆಯನ್ನು ತೆಗೆದು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟ. ರಾದ್ಧಾಂತಕ್ಕೆ ಅಷ್ಟು ಸಾಕಾಯಿತು.

ಸೀಸೆಯಲ್ಲಿದ್ದದ್ದು ಪೆಪ್ಟೈಡು. ರಕ್ತನಾಳಕ್ಕೆ 'ಬಿಗಿ' ಎಂದು ಹುಕುಂ ತಲುಪಿಸುವ ಜವಾನ ಅದು. ಬಿಸಿಲು ತಗುಲಿದರೆ ಕೆಟ್ಟುಹೋಗುತ್ತದೆ.

ಪ್ರಯೋಗಾಲಯದ ಸಹಾಯಕ ಸೀಸೆಯಣ್ಣ ಅದನ್ನು ಕಂಡಾಗ ಹತ್ತು ಗಂಟೆ. ಹನ್ನೆರಡಕ್ಕೆ ತಪಾಸಣೆಯ ಡಾಕ್ಟರು ಬರುವವರಿದ್ದರು. ಪ್ರಯೋಗ ಗೆದ್ದರೆ ಹನ್ನೊಂದು ವರ್ಷ ದಿನಗೂಲಿಯಲ್ಲಿ ಸವೆದ ಅವನ ಕೆಲಸ ಕಾಯಂ. ಸೋತರೆ ಪ್ರಯೋಗಾಲಯಕ್ಕೇ ಬೀಗ.

"ಅಯ್ಯೋ ಪುಣ್ಯಾತ್ಮ, ಇದನ್ನ ಯಾಕೆ ತೆಗೆದೆ? ಇದ್ದದ್ದೇ ಇದೊಂದು!"

"ನನ್ನ ಊಟ ಹಳಸಿದ್ರೆ ನೀನು ತಂದ್ಕೊಡ್ತಿದ್ಯಾ?"

ನೆಲ ಒರೆಸುತ್ತಿದ್ದ ಅಕ್ಕ, "ಐಸಲ್ಲಿ ಇಡಪ್ಪಾ, ಜೀವ ಬಂದ್ರೂ ಬರಬಹುದು," ಎಂದಳು. ಇಟ್ಟದ್ದೂ ಆಯಿತು.

ಕುರಿಯ ರಕ್ತನಾಳದ ಬಳೆಯಂಥ ತುಂಡೊಂದು ಬೆಚ್ಚಗಿನ ಉಪ್ಪುನೀರಿನಲ್ಲಿ ದಾರಕ್ಕೆ ತೂಗುತ್ತಿತ್ತು. ಅದು ಬಿಗಿದರೆ ಮೇಲಿನ ಪೆನ್ನು ಕಾಗದದ ಮೇಲೆ ಗೆರೆ ಏರಿಸಬೇಕು.

"ಏರದಿದ್ರೆ ಏರಿಸೋಣ ಬಿಡು," ಎಂದ ಗುಮಾಸ್ತ ಪೆನ್ನಿಗೆ ಇನ್ನೊಂದು ದಾರ ಕಟ್ಟಿ, ಸ್ಟ್ಯಾಂಡಿನ ಮೇಲಿಂದ ಇಳಿಬಿಟ್ಟು, ಅದರ ತುದಿ ಹಿಡಿದು ಮೇಜಿನಡಿ ಸೇರಿದ.

ಡಾಕ್ಟರು ಬಂದರು. ಸೀಸೆಯಣ್ಣ ಉಪ್ಪುನೀರಿಗೆ ಪೆಪ್ಟೈಡಿನ ಒಂದು ಹನಿ ಹಾಕಿದ. ಗೆರೆ ಸತ್ತ ಹಾವಿನಂತೆ ಮಲಗಿತ್ತು. ಇನ್ನೊಂದು ಹನಿ. ಮುಖ್ಯಸ್ಥೆ ಮೇಡಂ ಉಸಿರು ಬಿಗಿಹಿಡಿದರು, ನಾಳ ಬಿಗಿಯಲಿಲ್ಲ. ಆಗ ಗುಮಾಸ್ತ ಎಳೆದ, ಬಾವಿಯಿಂದ ಕೊಡ ಎಳೆದಂತೆ. ಸ್ಟ್ಯಾಂಡೇ ಉರುಳಿತು. ನಾಳ ಹಾರಿ ಡಾಕ್ಟರ ಕನ್ನಡಕಕ್ಕೆ ಅಂಟಿತು.

ಸೀಸೆಯಣ್ಣ ನಿಂತಲ್ಲೇ ಕಲ್ಲಾದ. ಡಾಕ್ಟರು ಕನ್ನಡಕ ಒರೆಸಿಕೊಂಡು ಅವನ ಕೈ ಹಿಡಿದರು. ಬೆರಳುಗಳು ಸೀಮೆಸುಣ್ಣದಷ್ಟು ಬಿಳಿ, ಹೆಣದಷ್ಟು ತಣ್ಣಗೆ. ರಕ್ತದೊತ್ತಡ ಅಳೆದರು: ಇನ್ನೂರ ಹತ್ತು.

"ಮೇಡಂ, ವಿದ್ಯಾರ್ಥಿಗಳನ್ನ ಕರೀರಿ! ಹೆದರಿದಾಗ ದೇಹ ಇಂಥ ಪೆಪ್ಟೈಡನ್ನೂ ತಾನೇ ಮಾಡ್ಕೊಳ್ಳುತ್ತೆ. ನಾಳ ಹೇಗೆ ಬಿಗಿದಿದೆ ನೋಡಿ! ಕುರೀಲಿ ಇಷ್ಟು ಚೆನ್ನಾಗಿ ನಾನು ಕಂಡೇ ಇಲ್ಲ."

ನಲವತ್ತು ವಿದ್ಯಾರ್ಥಿಗಳು ಸಾಲಾಗಿ ಬಂದು ಆ ಬೆರಳುಗಳನ್ನು ಒತ್ತಿ ನೋಡಿದರು. ಪ್ರಯೋಗಾಲಯ ಪಾಸಾಯಿತು. "ನಾನು ಎಳೀದಿದ್ರೆ ಆಗ್ತಿತ್ತಾ?" ಎಂದು ಗುಮಾಸ್ತ ಬೀಗಿದ.

"ಹಾಗಾದ್ರೆ ನನ್ನ ಕಾಯಂ, ಸಾರ್?" ಸೀಸೆಯಣ್ಣ ಕೇಳಿದ.

"ಕಾಯಂಗೆ ಆರೋಗ್ಯಪತ್ರ ಬೇಕಲ್ಲಪ್ಪ. ಇನ್ನೂರ ಹತ್ತನ್ನ ಕಣ್ಣಾರೆ ಕಂಡು ಹೇಗೆ ಸಹಿ ಹಾಕ್ಲಿ? ದಿನಗೂಲಿಗೂ ನೀನು ಬೇಡ, ಇಲ್ಲೇ ಬಿದ್ದುಗಿದ್ದು ಹೋದೀಯ."

ಮೇಡಂ ಅವರ ಕರುಳು ಚುರ್ ಎಂದಿತು. ಬಾಗಿಲವರೆಗೂ ಬಂದು ಅವನ ಬೆನ್ನು ಸವರಿದರು.

"ಮುಂದಿನ ವರ್ಷ ತಪಾಸಣೆ ದಿನ ತಪ್ಪದೆ ಬಾಪ್ಪಾ. ಅವತ್ತಿನ ಕೂಲಿ ಕೊಡಿಸ್ತೀನಿ. ಅಲ್ಲಿವರೆಗೆ ಈ ಬಿಪಿಗೆ ಮಾತ್ರೆಗೀತ್ರೆ ತಗೋಬೇಡ."