ಇಬ್ಬರು ಕಾವಲುಗಾರರು ಮತ್ತು ಒಂದು ಟೇಬಲ್ ಫ್ಯಾನು

ಮನೆಗೆ ಬಂದವರಿಗೆ ‘ಇನ್ನು ಹೊರಡಿ’ ಎನ್ನುವ ವಿದ್ಯೆ ನನಗೆ ಕೊನೆಗೂ ಬರಲಿಲ್ಲ. ಚಹಾ ಕುಡಿದು ಎದ್ದವರನ್ನೂ ‘ಕೂಡ್ರಿ, ಊಟ ಮಾಡ್ಕೊಂಡು ಹೋಗ್ರಿ’ ಎಂದು ಕೂರಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಆಮೇಲೆ ಹೆಂಡತಿಯ ಕಣ್ಣು ತಪ್ಪಿಸಿ ಓಡಾಡುವುದು ನನ್ನ ಸ್ವಂತ ರೂಢಿ. ಮನುಷ್ಯರ ಮಟ್ಟಿಗೆ ಇದು ಹೇಗೋ ನಡೆಯುತ್ತದೆ. ಕಂಪ್ಯೂಟರಿನ ಮಟ್ಟಿಗೆ ನಡೆಯುವುದಿಲ್ಲ ಎಂದು ತಿಳಿದದ್ದು ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಆ ಡಬ್ಬಿ ಬಂದ ಮೇಲೆ.

ಮೊಬೈಲು ಇನ್ನೂ ಎಲ್ಲರ ಕೈಗೆ ಬಾರದಿದ್ದ ಕಾಲ. ಮಗಳ ಓದಿಗೆಂದು ಹೇಳಿ ತಂದಿದ್ದೆ. ಓದಿಗೆ ಇಷ್ಟು ದುಬಾರಿ ಗ್ರಾಫಿಕ್ಸ್ ಕಾರ್ಡ್ ಯಾಕೆ ಎಂದು ಹೆಂಡತಿ ಮಹಾದೇವಿ ಕೇಳಿದಾಗ, ಅಕ್ಷರ ಸ್ಪಷ್ಟ ಕಾಣಬೇಕಲ್ಲ ಎಂದೆ. ಅಸಲು ವಿಷಯ ಕಾರ್ ರೇಸ್. ಕಚೇರಿಗೆ ಸೈಕಲ್ ತುಳಿಯುವ ಗುಮಾಸ್ತ ನಾನು ಸಂಜೆಯಾದರೆ ಕೆಂಪು ಕಾರಿನಲ್ಲಿ ಹಾರುತ್ತಿದ್ದೆ. ಆದರೆ ಎರಡನೆಯ ತಿರುವಿಗೆ ಬಂದೊಡನೆ ಕಾರು, ರಸ್ತೆ, ಆಕಾಶ ಎಲ್ಲವೂ ಗಪ್ಪನೆ ನಿಂತುಬಿಡುತ್ತಿದ್ದವು. ಕಲಬುರಗಿಯ ಬಿಸಿಲಿಗೆ ಮನುಷ್ಯರೇ ನಿಂತಲ್ಲಿ ನಿಲ್ಲುವಾಗ ಇದರದೇನು ಎಂದುಕೊಂಡು, ಡಬ್ಬಿಯ ಪಕ್ಕದ ತಗಡು ಬಿಚ್ಚಿ, ಮನೆಯ ಒಂದೇ ಟೇಬಲ್ ಫ್ಯಾನನ್ನು ಅದರ ಮುಂದಿಟ್ಟೆ. “ಮನ್ಯಾಗ ಮಂದಿ ಬೆವತು ಸಾಯ್ಲಾಕತ್ತಾರ, ನೀವು ಡಬ್ಬಿಗಿ ಗಾಳಿ ಬೀಸ್ಲಾಕತ್ತೀರಿ!” ಎಂದಳು ಮಹಾದೇವಿ. ಕಾರು ಮಾತ್ರ ತಂಪಾಗಿ, ಅದೇ ತಿರುವಿನಲ್ಲಿ ನಿಂತಿತು.

ಮಹಾದೇವಿಯ ತಮ್ಮ ಶಿವಶರಣ ಕಮಲಾಪುರದವನು. ಬಾಳೆತೋಟ ನೋಡಿಕೊಂಡಿರುವವನು ವಾರಕ್ಕೊಮ್ಮೆ ಬಂದು ನನ್ನ ಜೊತೆ ರೇಸಿಗೆ ಕೂಡುತ್ತಿದ್ದ. ಒಂದೇ ಕೀಬೋರ್ಡು, ಎಡಗಡೆ ಅವನು, ಬಲಗಡೆ ನಾನು. ನಾನು ಹಿಂದೆ ಬಿದ್ದಿರುವಾಗಲೇ ಪರದೆ ನಿಲ್ಲುತ್ತಿತ್ತು. “ಇಲ್ಲಂದ್ರ ಮುಂದಿನ ತಿರುವಿನಾಗ ನಿನ್ನ ಹಿಂದ ಹಾಕ್ತಿದ್ದೆ” ಎಂದು ನಾನು ಎದ್ದುಬಿಡುತ್ತಿದ್ದೆ. ಇದನ್ನು ಕೇಳಿ ಕೇಳಿ ಬೇಸತ್ತ ಮಹಾದೇವಿಯೇ ಪಂಥ ಕಟ್ಟಿದಳು. ಬರುವ ರವಿವಾರ ನಾನು ಗೆದ್ದರೆ ಕಮಲಾಪುರದ ಕೆಂಪು ಬಾಳೆಯ ಒಂದು ಗೊನೆ ನಮ್ಮ ಮನೆಗೆ. ಸೋತರೆ ಬೇಸಿಗೆ ಮುಗಿಯುವವರೆಗೆ ಡಬ್ಬಿ ಕಮಲಾಪುರಕ್ಕೆ. ಮೀಸೆ ತಿರುವಿ ಒಪ್ಪಿಕೊಂಡೆ.

ಶನಿವಾರ ಮಧ್ಯಾಹ್ನ ತನಿಖೆಗೆ ಕುಳಿತೆ. ಪರದೆಯ ಕೆಳಗಿನ ಮೂಲೆಯಲ್ಲಿ, ಗಡಿಯಾರದ ಪಕ್ಕ, ಸಣ್ಣ ಸಣ್ಣ ಚಿತ್ರಗಳ ಸಾಲೊಂದು ಕಂಡಿತು. ನಮ್ಮ ಕಚೇರಿಯಲ್ಲೂ ಗಡಿಯಾರದ ಕೆಳಗೆ ಕೂಡುವವರು ಇಂಥವರೇ. ಏನು ಕೆಲಸ ಮಾಡುತ್ತಾರೆಂದು ಗೊತ್ತಿಲ್ಲ, ಚಹಾ ಬಂದಾಗ ಮಾತ್ರ ಎಲ್ಲರೂ ಇರುತ್ತಾರೆ. ಒಬ್ಬೊಬ್ಬರನ್ನೇ ಎಬ್ಬಿಸಿ ಕಳಿಸುತ್ತ, ಪ್ರತಿ ಸಲವೂ ಕಾರು ಓಡಿಸಿ ನೋಡಿದೆ. ಮಗಳು ಸಾಕಿದ್ದ, ಪರದೆಯ ತುಂಬ ಹಾರುವ ಗಿಳಿಯನ್ನು ಓಡಿಸಿದೆ. ರಾಹುಕಾಲ ಬಂದೊಡನೆ ರೇಸಿನ ನಡುವೆಯೇ ಕೆಂಪು ಚೌಕ ತೋರಿಸುತ್ತಿದ್ದ ಮಹಾದೇವಿಯ ಪಂಚಾಂಗವನ್ನು ಮುಚ್ಚಿದೆ. ಕಂಪ್ಯೂಟರಿನ ವೇಗ ಹೆಚ್ಚಿಸಲೆಂದು ನಾನೇ ತಂದು ಹಾಕಿದ್ದ ಒಂದು ಪ್ರೋಗ್ರಾಮಂತೂ ಇದ್ದಬದ್ದ ವೇಗವನ್ನೆಲ್ಲ ತಾನೇ ನುಂಗಿ ಕುಳಿತಿತ್ತು. ಅದನ್ನೂ ಕಿತ್ತೆ. ಕಾರು ಮೂರನೆಯ ತಿರುವಿನವರೆಗೆ ಹೋಗಿ ನಿಂತಿತು.

ಉಳಿದದ್ದು ಎರಡು ಆಂಟಿವೈರಸ್. ಒಂದು ಶಿವಶರಣ ಹಾಕಿಕೊಟ್ಟದ್ದು. ಇನ್ನೊಂದು ನೆಹರು ಗಂಜಿನಲ್ಲಿ ತೊಗರಿಬೇಳೆ ವ್ಯಾಪಾರ ಮಾಡುವ ನನ್ನ ಅಕ್ಕನ ಗಂಡ ಗುಂಡಪ್ಪ ಮಾಮಾರು, “ಅವನ್ದು ಇರ್ಲಿ, ನನ್ದೂ ಒಂದು ಇರ್ಲಿ” ಎಂದು ಪ್ರೀತಿಯಿಂದ ತುರುಕಿದ್ದು. ಕಾವಲಿಗೆ ನಿಂತ ಇವೆರಡೂ ಕಳ್ಳರನ್ನು ಬಿಟ್ಟು ಒಂದನ್ನೊಂದು ಹಿಡಿದುಕೊಂಡು ಜಗ್ಗಾಡುತ್ತಿದ್ದವು. ಒಂದನ್ನು ತೆಗೆದರೆ ಸಾಕಿತ್ತು. ಯಾವುದನ್ನು? ಶಿವಶರಣನದನ್ನು ತೆಗೆದರೆ ಮಹಾದೇವಿಯ ತವರು ಮುನಿಯುತ್ತದೆ; ಮಾಮಾರದನ್ನು ತೆಗೆದರೆ ಅಕ್ಕ ಪಂಚಮಿಗೆ ಬರುವುದಿಲ್ಲ. ತಲೆ ಕೆರೆದುಕೊಂಡು ಕೊನೆಗೆ ಎರಡನ್ನೂ ತೆಗೆದೆ. ಬೀಗರು ಬಂದರೆ ಕಾಣಲಿ ಎಂದು ಪರದೆಯ ಮೇಲೆ ಅವುಗಳ ಚಿತ್ರಗಳನ್ನು ಮಾತ್ರ ಉಳಿಸಿದೆ. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಓಡಿತು! ಸಂತೋಷಕ್ಕೆ ನಾನು ಕುರ್ಚಿಯ ಮೇಲೇ ಕುಣಿದೆ.

ರವಿವಾರ ಶಿವಶರಣ ಬಂದು ತನ್ನ ಚಿತ್ರ ನೋಡಿ ತೃಪ್ತನಾಗಿ ಕುಳಿತ. ಒಂದನೆಯ ತಿರುವು ದಾಟಿತು, ಎರಡನೆಯದು, ಮೂರನೆಯದು. ಪರದೆ ನಿಲ್ಲಲಿಲ್ಲ. ಅಲ್ಲಿಂದ ಮುಂದಿನ ರಸ್ತೆ ರೇಸಿನ ಭರದಲ್ಲಿ ಹೇಗಿರುತ್ತದೆಂದು ನಾನು ಎಂದೂ ನೋಡಿದವನಲ್ಲ. ಗೋಡೆಗೆ ಗುದ್ದಿದೆ, ಹುಲ್ಲಿಗೆ ಇಳಿದೆ, ಕೊನೆಗೆ ಕಾರನ್ನು ಉಲ್ಟಾ ದಿಕ್ಕಿಗೆ ಓಡಿಸಿ, ಗೆಲ್ಲುತ್ತಿದ್ದ ಶಿವಶರಣನಿಗೇ ಡಿಕ್ಕಿ ಹೊಡೆದೆ. ಡಬ್ಬಿ ನಿಲ್ಲಲಿ ಎಂದು ಮನಸ್ಸಿನಲ್ಲೇ ಶರಣಬಸವೇಶ್ವರನಿಗೆ ಕಾಯಿ ಹರಕೆ ಹೊತ್ತೆ. ನಿಲ್ಲಲಿಲ್ಲ. “ಅಯ್ಯ, ಇಷ್ಟು ದಿನ ಈ ಡಬ್ಬಿನೇ ನಿಮ್ಮ ಮರ್ಯಾದಿ ಕಾಯ್ದದ ನೋಡ್ರಿ” ಎಂದಳು ಮಹಾದೇವಿ.

ಡಬ್ಬಿಯನ್ನು ಜೀಪಿಗೆ ಏರಿಸುವ ಮುಂಚೆ, ಶಿವಶರಣ ಊಟಕ್ಕೆ ಕೂತಿರುವಾಗ, ಎರಡೂ ಆಂಟಿವೈರಸ್ಸುಗಳನ್ನು ಪ್ರೀತಿಯಿಂದ ಮತ್ತೆ ಕೂರಿಸಿದೆ. ಬಂದವರನ್ನು ಬರಿಗೈಯಲ್ಲಿ ಕಳಿಸುವುದೂ ನಮ್ಮ ರೂಢಿಯಲ್ಲ. ನಾಲ್ಕು ದಿನಕ್ಕೆ ಶಿವಶರಣನ ಫೋನು ಬಂತು. “ಮಾಮಾ, ಕಾರ್ ಎರಡನೇ ತಿರುವಿನಾಗ ನಿಂದ್ರಲಾಕತ್ತದ್ರಿ. ಏನು ಮಾಡ್ಲಿ?” ನಗು ತಡೆದುಕೊಂಡು, ಗಂಭೀರವಾಗಿ ಹೇಳಿದೆ: “ಬಿಸಿಲಪ್ಪಾ. ಟೇಬಲ್ ಫ್ಯಾನ್ ಹಚ್ಚು.”

ಮರುದಿನವೇ ಅವನು ಬಂದ. ತನ್ನ ಅಕ್ಕನಿಗೆ ಒಂದು ಗೊನೆ ಕೆಂಪು ಬಾಳೆ ಕೊಟ್ಟು, ನಮ್ಮ ಟೇಬಲ್ ಫ್ಯಾನನ್ನು ಎತ್ತಿಕೊಂಡು ಹೋದ. ನಾನು ಬೆವರೊರೆಸಿಕೊಳ್ಳುತ್ತ ಹಣ್ಣು ತಿನ್ನುತ್ತ ಕುಳಿತೆ.