ಬೆಲ್ಲದ ತೂಕಕ್ಕೆ ಕೂತ ನನ್ನ ಮಗ

ಊರವರಿಗೆ ಬುದ್ಧಿ ಹೇಳಿ ಸಂಬಳ ತೆಗೆದುಕೊಳ್ಳುವವರು ಮನೆಯಲ್ಲಿ ಬಾಯಿ ಬಿಡುವುದು ಊಟಕ್ಕೆ ಮಾತ್ರ. ನಾನಂತೂ ಹಾಗಿದ್ದೆ. ಸಾವಿರದ ಒಂಬೈನೂರ ಅರವತ್ತರ ಆಚೀಚೆ ವಿಜಾಪುರದ ಬ್ಲಾಕ್ ಆಫೀಸಿನಲ್ಲಿದ್ದಾಗ, ತಿಕೋಟಾ, ಬಬಲೇಶ್ವರದ ಕಡೆಯ ಹಳ್ಳಿಗಳಲ್ಲಿ ಮಹಿಳಾ ಮಂಡಳ ಕೂಡಿಸಿ, ಕೂಸುಗಳಿಗೆ ಏನು ತಿನ್ನಿಸಬೇಕು, ಎಷ್ಟು ಸಲ ತಿನ್ನಿಸಬೇಕು ಎಂದು ಹೇಳುವುದು ನನ್ನ ಕೆಲಸ. ನಾಲ್ಕಾರು ಹಡೆದು ಬೆಳೆಸಿದವರಿಗೆ ಮೀಸೆ ಹೊತ್ತ ನಾನು ಇದನ್ನು ಹೇಳುವುದು ವಿಚಿತ್ರವೆಂದು ಒಂದು ದಿನವೂ ಅನಿಸಲಿಲ್ಲ. ಭಾಷಣ ಬಾಯಿಪಾಠವಾಗಿತ್ತು. ಅದರ ನಡುವೆ ವಿಜಾಪುರದಲ್ಲೇ ಇಬ್ರಾಹಿಂಪುರದ ಮನೆಯಲ್ಲಿದ್ದ ನನ್ನ ಒಂದೂವರೆ ವರ್ಷದ ಮಗನ ಉದಾಹರಣೆಯೂ ಬರುತ್ತಿತ್ತು.

ಕೂಸುಗಳನ್ನು ತೂಗಿ ಬರೆದುಕೊಳ್ಳಬೇಕೆಂದು ಮೇಲಿನಿಂದ ಹುಕುಂ ಬಂತು. ನಿಡೋಣಿ ಎಂಬ ಹಳ್ಳಿಯಲ್ಲಿ ಕಾಳಿನ ವ್ಯಾಪಾರಿಯ ದೊಡ್ಡ ತಕ್ಕಡಿ ಇಸಿದುಕೊಂಡು ತೊಲೆಗೆ ಕಟ್ಟಿಸಿದೆ. ಒಬ್ಬ ತಾಯಿಯೂ ಕೂಸನ್ನು ಕೆಳಗಿಳಿಸಲಿಲ್ಲ. ಕಾರಣ ಹೇಳಿದವಳು ಮಂಡಳದ ಹಿರಿಯಳಾದ ಗಂಗವ್ವ.

"ದೇವರಿಗೆ ಬೇಡಿಕೊಂಡು ಬೆಲ್ಲಕ್ಕ ತೂಗತೇವ್ರಿ. ಕಬ್ಬಿಣದ ಕಲ್ಲಿಗೆ ತೂಗಾಕ ನಮ್ಮ ಕೂಸೇನ್ ಜ್ವಾಳದ ಚೀಲೇನ್ರಿ?"

ಹಾಗಾದರೆ ಬೆಲ್ಲಕ್ಕೇ ತೂಗೋಣ, ಆಮೇಲೆ ಬೆಲ್ಲವನ್ನು ತೂಗಿ ಬರೆದುಕೊಂಡರಾಯಿತು ಎಂದೆ. ನನ್ನ ಜಾಣತನಕ್ಕೆ ನಾನೇ ಬೆರಗಾದೆ. ಆದರೆ ಗಂಗವ್ವ ಇನ್ನೊಂದು ಷರತ್ತು ಹಾಕಿದಳು. ಬೇಡಿಕೊಂಡವರ ಕೂಸು ಮೊದಲು ಕೂಡಬೇಕು. ತೂಗಬೇಕೆಂದು ಬೇಡಿಕೊಂಡವನು ನಾನು. ನಾನು ಖುಷಿಯಿಂದಲೇ ಒಪ್ಪಿದೆ. ಬೇಸಿಗೆಯಲ್ಲಿ ಭೇದಿಯಾದಾಗಿನಿಂದ ಹುಡುಗ ಇಳಿದಿದ್ದಾನೆ ಎಂದು ಹೆಂಡತಿ ಎರಡು ತಿಂಗಳಿಂದ ಹೇಳುತ್ತಿದ್ದದ್ದು ನಿಜ. ನಮ್ಮ ಮನೆತನದ ಮೈಕಟ್ಟೇ ಅಂಥಾದ್ದು ಎಂದು ನಾನು ಅಷ್ಟೇ ದಿನಗಳಿಂದ ಉತ್ತರ ಕೊಡುತ್ತಿದ್ದೆ.

ಮುಂದಿನ ವಾರ ಹೆಂಡತಿ, ಮಗನನ್ನು ಕರೆದುಕೊಂಡು ಹೋದೆ. ಮಗ ತಕ್ಕಡಿಯ ಒಂದು ಪರಡಿಯಲ್ಲಿ ಕೂತ, ಇನ್ನೊಂದರಲ್ಲಿ ಬೆಲ್ಲದ ಪೆಂಟಿ ಇಟ್ಟು ಸರಿದೂಗಿಸಿದರು. ಅವನನ್ನು ಇಳಿಸಿ, ಅವನಿಗಿಂತ ಎರಡು ತಿಂಗಳು ಚಿಕ್ಕವನಾದ ಗಂಗವ್ವನ ಮೊಮ್ಮಗನನ್ನು ಅದೇ ಬೆಲ್ಲಕ್ಕೆ ಕೂಡಿಸಿದರು. ಅವನಿದ್ದ ಪರಡಿ ದಪ್ಪೆಂದು ನೆಲಕ್ಕೆ ಕೂತಿತು. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಮಗನ ತೋಳನ್ನು ಅವತ್ತೇ ಮೊದಲ ಸಲ ಸರಿಯಾಗಿ ನೋಡಿದೆ, ನನಗೆ ಹೆದರಿಕೆಯಾಯಿತು.

ಮುಂಜಾನೆ ಎದ್ದ ಮೇಲೆ ಇವನಿಗೆ ಏನು ತಿನ್ನಿಸುತ್ತೀರಿ ಎಂದು ಗಂಗವ್ವ ನನ್ನನ್ನೇ ಕೇಳಿದಳು. ಲೋಕದ ಯಾವ ಕೂಸು ಏನು ತಿನ್ನಬೇಕೆಂದು ಹೇಳಬಲ್ಲ ನಾನು, ನನ್ನ ಕೂಸು ಏನು ತಿನ್ನುತ್ತದೆಂದು ತಿಳಿಯದೆ ಹೆಂಡತಿಯ ಮುಖ ನೋಡಿದೆ. ಅವಳು ಗಂಗವ್ವನಿಗೆ ಹೇಳಿದಳು: "ಇವರಿಗೆ ನನ್ನ ಮಾತು ಕೇಳಾಕ ವ್ಯಾಳ್ಯಾ ಎಲ್ಲೈತ್ರಿ, ಯಕ್ಕಾ?"

"ಇವತ್ತ ಭಾಷಣ ಬ್ಯಾಡ್ರಿ, ಸಾಹೇಬರ. ಕುಂದರ್ರಿ," ಎಂದಳು ಗಂಗವ್ವ.

ಕೂತೆ. ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಬೇಳೆಯ ಕಟ್ಟು, ಕುಟ್ಟಿದ ಶೇಂಗಾ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದು ಸಲ: ಹೆಂಗಸರು ಹೇಳಿದ್ದೆಲ್ಲ ನನ್ನ ಭಾಷಣದಲ್ಲಿದ್ದದ್ದೇ. ಆಮೇಲೆ ಅವರವರ ಕೂಸುಗಳನ್ನು ತಾವೇ ತಂದು ಕೂಡಿಸಿದರು. ತೂಕ ಮುಗಿದ ಮೇಲೆ ಬೆಲ್ಲ ಕೂಸುಗಳ ಬಾಯಿ ಸೇರಿತು.

ತಿಂಗಳ ವರದಿಯಲ್ಲಿ 'ತಿಳಿವಳಿಕೆ ಪಡೆದವರು' ಎಂಬ ಕಲಮಿತ್ತು. ಪ್ರತಿಸಲ ಕೂತವರ ತಲೆ ಎಣಿಸಿ ತುಂಬುತ್ತಿದ್ದ ನಾನು ಆ ಸಲ 'ಒಬ್ಬರು' ಎಂದು ಬರೆದೆ. ಇಡೀ ನಿಡೋಣಿಯಲ್ಲಿ ಒಬ್ಬರೇ ಏನು ಎಂದು ನಮ್ಮ ಆಫೀಸಿನ ಸಾಹೇಬರು ಕೇಳಿದರು.

"ಒಬ್ಬ ಗಂಡಸ್ರೀ. ಭಾಳ ದಡ್ಡ ಇದ್ದ. ಇಡೀ ಮಂಡಳ ಕೂಡಿ ಹೇಳಬೇಕಾತು."

ಅಂಥವನನ್ನು ಹಾಗೇ ಬಿಡಬಾರದು, ದಿನಾ ಅವನ ಮನೆಗೆ ಹೋಗಿ ನೋಡಿರಿ ಎಂದು ಸಾಹೇಬರು ಅಪ್ಪಣೆ ಮಾಡಿದರು. ಅಂದಿನಿಂದ ಆಫೀಸು ಬಿಟ್ಟೊಡನೆ ನೆಟ್ಟಗೆ ಮನೆಗೆ ಬಂದು ಮಗನ ತಾಟಿನ ಮುಂದೆ ಕೂಡತೊಡಗಿದೆ, ಸರಕಾರಿ ಕೆಲಸದ ಮೇಲೆ.