ಬೆರಳಿನಿಂದ ನೋಡುವ ಕಾಕಾ

ನಮ್ಮ ಕಾಕಾಗೆ ಎರಡು ಕಣ್ಣುಗಳಿದ್ದವು, ಎರಡೂ ಚೆನ್ನಾಗಿಯೇ ಕಾಣುತ್ತಿದ್ದವು. ಆದರೆ ಅವರು ಅವುಗಳನ್ನು ನಂಬುತ್ತಿರಲಿಲ್ಲ. ಬಣ್ಣ ಹಸಿ ಇದೆ ಎಂದು ಕಾಗದದಲ್ಲಿ ಬರೆದು ಅಂಟಿಸಿದ್ದರೆ, ಆ ಕಾಗದದ ಪಕ್ಕದಲ್ಲೇ ಬೆರಳಿಟ್ಟು ಖಾತ್ರಿ ಮಾಡಿಕೊಳ್ಳುವವರು. ಕಾರವಾರದ ಹಬ್ಬುವಾಡದಲ್ಲಿರುವ ನಮ್ಮ ಮನೆಯ ಬಾಗಿಲ ಮೇಲೆ ಅವರ ತೋರುಬೆರಳಿನ ಗುರುತು ಇವತ್ತಿಗೂ ನಾಲ್ಕು ಕಡೆ ಇದೆ. ನಾಲ್ಕು ಕಡೆ ಯಾಕೆ? ಒಂದು ಕಡೆ ಹಸಿ ಇದ್ದ ಮಾತ್ರಕ್ಕೆ ಉಳಿದ ಕಡೆಯೂ ಹಸಿ ಇರಬೇಕೆಂದೇನಿದೆ ಎಂಬುದು ಅವರ ವಾದ.

ಅವರು ತೀರಿಕೊಂಡು ಎಂಟು ತಿಂಗಳಾಯಿತು. ಅವರ ಬಗ್ಗೆ ನಗುತ್ತಾ ಬರೆಯಬೇಕೆಂದು ಕೂತಿದ್ದೇನೆ. ಅವರನ್ನು ನೋಡಿ ನಗುವುದು ನನಗೆ ಹೊಸದಲ್ಲ. ಅವರು ಬದುಕಿದ್ದಾಗಲೂ ಅದನ್ನೇ ಮಾಡಿದ್ದೆ.

ಕಾಕಾ ಎಂದರೆ ಅಪ್ಪನ ತಮ್ಮನಲ್ಲ. ನನ್ನ ಮಾವಶಿಯ, ಅಂದರೆ ತಾಯಿಯ ತಂಗಿಯ ಗಂಡ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಏಳು ವರ್ಷದ ನನ್ನನ್ನು ಕರೆತಂದು ಸಾಕಿದವರು ಇವರಿಬ್ಬರು. ನಾನು ಬಂದ ದಿನ ಕಾಕಾ ಸಮಾಧಾನದ ಒಂದು ಮಾತೂ ಆಡಲಿಲ್ಲವಂತೆ. ನನ್ನ ಫ್ರಾಕಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, “ಇದು ಚುಚ್ತದೆ ಮಗೂಗೆ” ಎಂದು ಪೇಟೆಗೆ ಹೋಗಿ ಹತ್ತಿಯದ್ದು ತಂದರಂತೆ.

ಮೇ ತಿಂಗಳು ಬಂತೆಂದರೆ ಅವರು ಬಸ್ಸು ಹತ್ತಿ ಅಂಕೋಲೆಗೆ ಹೋಗುವವರು, ಕರಿ ಈಶಾಡ ಮಾವಿನಹಣ್ಣಿಗೆ. ಈಶಾಡದ ಸಿಪ್ಪೆ ತೆಳು. ಒತ್ತಿದರೆ ಹಣ್ಣು ಕೆಟ್ಟಿತು, ಮಾರುವವಳ ಬಾಯಿಯೂ ಕೆಟ್ಟಿತು. ಕಾಕಾ ಒತ್ತುತ್ತಿರಲಿಲ್ಲ. ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಒಂದೊಂದೇ ಹಣ್ಣನ್ನು ಬೆರಳ ತುದಿಯಿಂದ ಸವರುತ್ತಿದ್ದರು. ಅರ್ಧ ತಾಸು.

“ಓ ಮಾಸ್ತರ್ರೇ, ಹಣ್ಣು ತಕಂತ್ರೋ, ಮದ್ವೆ ಆಗ್ತ್ರೋ?” ಎಂದು ಮಾರುವವಳು ಕೇಳಿದರೆ, ಕಣ್ಣು ಬಿಡದೆಯೇ, “ಮದ್ವೆಗೆ ಇಷ್ಟು ನೋಡ್ಲಿಲ್ಲ ನಾನು” ಎನ್ನುವರು. ಈ ಮಾತು ಮಾವಶಿಯ ಕಿವಿಗೆ ಬಿದ್ದ ವರ್ಷ ಹಣ್ಣಿನ ಸಿಪ್ಪೆ ಮಾತ್ರ ಅವರ ಪಾಲಿಗೆ ಬಂತು.

ಅಸಲಿಗೆ ಅವರು ಮಾಸ್ತರರಲ್ಲ. ಕಾರವಾರದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಅಟೆಂಡರ್. ಗಾಜಿನ ಪಟ್ಟಿಗಳನ್ನು ಒರೆಸುವುದು, ಸೂಕ್ಷ್ಮದರ್ಶಕ ಮುಚ್ಚಿಡುವುದು, ಉಳಿದ ಹೊತ್ತು ಹಿಂದಿನ ಸ್ಟೂಲಿನಲ್ಲಿ ಕೂತು ಪಾಠ ಕೇಳುವುದು. ಹಾಗೆ ಒಂದು ದಿನ ಕೇಳಿದ ಪಾಠ ಅವರನ್ನು ಹಿಡಿದದ್ದು ಕೊನೆಯವರೆಗೂ ಬಿಡಲಿಲ್ಲ. ನಮ್ಮ ಚರ್ಮದ ಮೇಲ್ಪದರದ ತಳದಲ್ಲಿ, ಬೆರಳ ತುದಿಯಲ್ಲಿ ಹೆಚ್ಚಾಗಿ, ಮೆಲ್ಲನೆಯ ಸ್ಪರ್ಶವನ್ನು ಅರಿಯುವ ಕೋಶಗಳಿವೆ. ಅವು ಎಲ್ಲಿಂದ ಬಂದವು? ತಾಯಿಯ ಹೊಟ್ಟೆಯಲ್ಲಿ ಪಿಂಡ ಬೆಳೆಯುವಾಗ, ಬೆನ್ನಿನ ಕಡೆ ನರಮಂಡಲ ಮೂಡುವ ಜಾಗದಿಂದ ಹೊರಟು ಚರ್ಮಕ್ಕೆ ವಲಸೆ ಬಂದವು ಎಂದು ಬಹಳ ಜನ ತಿಳಿದಿದ್ದರಂತೆ. ನರದ ಜೊತೆ ಅಷ್ಟು ಸಲಿಗೆಯಿಂದ ಇರುವವು ನರದ ಕಡೆಯವೇ ಇರಬೇಕಲ್ಲವೇ? ಆಮೇಲೆ ಇಲಿಗಳ ಕೋಶಗಳಿಗೆ ಗುರುತು ಹಾಕಿ ಹಿಂಬಾಲಿಸಿ ನೋಡಿದರೆ, ಅವು ಎಲ್ಲಿಂದಲೂ ಬಂದವಲ್ಲ. ಚರ್ಮದಲ್ಲೇ ಹುಟ್ಟಿದವು, ಚರ್ಮದ್ದೇ ಮಕ್ಕಳು. ಕೋಳಿಯಲ್ಲಿ ಮಾತ್ರ ನಿಜವಾಗಿಯೂ ಹೊರಗಿನಿಂದ ಬರುತ್ತವಂತೆ.

ಇದನ್ನು ಅವರು ಯಾರಿಗೆ ಹೇಳಲಿಲ್ಲ? ಹಾಲಿನವನಿಗೆ, ರಿಕ್ಷಾದವನಿಗೆ, ಕ್ಷೌರ ಮಾಡುತ್ತಾ ಕತ್ತಿಯನ್ನು ಇವರದೇ ಕುತ್ತಿಗೆಗೆ ಹಿಡಿದಿದ್ದವನಿಗೆ. ಭಾನುವಾರ ಕೋಳಿ ತೊಳೆಯುತ್ತಾ ಮಾವಶಿಗೆ ಪ್ರತಿ ವಾರ ಹೇಳುವರು, “ನೋಡು, ಇದರದ್ದು ಹೊರಗಿಂದ ಬಂದದ್ದು. ನಮ್ದು ಇಲ್ಲೇ ಹುಟ್ಟಿದ್ದು.”

“ಹೊರಗಿಂದ ಬರ್ಲಿ, ಒಳಗೇ ಹುಟ್ಲಿ, ಮಸಾಲೆ ಒಂದೇ. ಬೇಗ ತೊಳ್ಕಂಡು ಕೊಡಿ,” ಎನ್ನುವಳು ಮಾವಶಿ.

ಇನ್ನು ನನ್ನನ್ನು ನೋಡಲು ಅಂಕೋಲೆಯಿಂದ ಹುಡುಗನ ಮನೆಯವರು ಬಂದ ದಿನಕ್ಕೆ ಬರುತ್ತೇನೆ. ಅಲ್ಲಿಗೆ ಬಾರದೆ ಈ ಬರಹ ಮುಗಿಸಬಹುದೇ ಎಂದು ಬಹಳ ಯೋಚಿಸಿದೆ.

ಹುಡುಗನ ತಾಯಿ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಅವಲಕ್ಕಿಯ ತಟ್ಟೆ ಕೊಟ್ಟು ಹಿಂತಿರುಗುವಾಗ ಕಾಕಾ ನಿಂತರು. ಏನಾಗಲಿದೆ ಎಂದು ನನಗೆ ಗೊತ್ತಾಯಿತು. ಕುರ್ಚಿಯ ಕೈಯಿಂದ ಇಳಿಬಿದ್ದಿದ್ದ ಸೆರಗಿನ ತುದಿಯನ್ನು ಅವರು ಎರಡು ಬೆರಳಲ್ಲಿ ಹಿಡಿದು, ತಿಕ್ಕಿ ನೋಡಿ, ಬಹಳ ಮರುಕದಿಂದ ಹೇಳಿದರು, “ರೇಷ್ಮೆ ಅಂತ ಕೊಟ್ರಾ ನಿಮ್ಗೆ? ಅರ್ಧ ನೈಲಾನ್ ಅದೆ.”

ಆ ತಾಯಿ ಸೆರಗನ್ನು ಎಳೆದುಕೊಂಡು, ಮಾತು ಬದಲಿಸಲೆಂದು, “ಹುಡುಗಿ ನಿಮ್ಮ ಮಗಳೇ ಅಲ್ವಾ?” ಎಂದು ಕೇಳಿದರು.

ಕಾಕಾ ನೆಟ್ಟಗೆ ನಿಂತರು. “ಅದು ಹೇಂಗೆ ಅಂದ್ರೆ, ಮೊದ್ಲು ಎಲ್ರೂ ಹೊರಗಿಂದ ಬಂದದ್ದು ಅಂದ್ಕಂಡಿದ್ರು...”

ಮತ್ತೆ ಇಲಿಯ ಪುರಾಣ ಶುರುವಾಯಿತೆಂದು ನನ್ನ ಮುಖ ಉರಿಯಿತು. “ಅಲ್ಲ,” ಎಂದೆ, ಎಲ್ಲರಿಗೂ ಕೇಳುವಂತೆ. “ಇವರು ನಮ್ಮ ಮಾವಶಿಯ ಗಂಡ, ಅಷ್ಟೇ.”

ಮದುವೆಯೇನೋ ಆಯಿತು. ಅತ್ತೆ ಆ ಸೀರೆಯನ್ನು ಮತ್ತೆ ಉಟ್ಟದ್ದನ್ನು ಮಾತ್ರ ನಾನು ನೋಡಲಿಲ್ಲ. ಅವರು ನನ್ನನ್ನು ನೋಡಿ ಹೋದ ದಿನ ಸಂಜೆ ನಾನು ಕಾಕಾಗೆ ಹೇಳಿದ್ದು ಇಷ್ಟು: “ನಿಮ್ಗೆ ಕೈ ಸುಮ್ನೆ ಇಟ್ಕೊಳ್ಳೂಕೆ ಆಗೂದಿಲ್ವಾ? ಮದ್ವೆ ಆದ ಮೇಲೆ ನನ್ನ ಮನೆಗೆ ಬಂದ್ರೆ ಏನನ್ನೂ, ಯಾರನ್ನೂ ಮುಟ್ಬೇಡಿ.”

“ಆಯ್ತು,” ಎಂದರು.

ಆಮೇಲೆ ಅವರು ಅಂಕೋಲೆಯ ನಮ್ಮ ಮನೆಗೆ ಬಂದಾಗಲೆಲ್ಲ ಈಶಾಡದ ಚೀಲವನ್ನು ಕೆಳಗಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಪೊಲೀಸ್ ಠಾಣೆಯಲ್ಲಿ ನಿಂತವರ ಹಾಗೆ. ನಮ್ಮ ಮನೆಯಲ್ಲಿ ಅದೊಂದು ನಗೆಯಾಯಿತು. ನನ್ನ ಮಗಳು ಹುಟ್ಟಿ ಮೂರು ತಿಂಗಳಾದಾಗಲೂ ಹಾಗೆಯೇ ಕೈ ಕಟ್ಟಿಕೊಂಡು ತೊಟ್ಟಿಲ ಮೇಲೆ ಬಗ್ಗಿದರು. ಎಷ್ಟು ಹತ್ತಿರ ಬಗ್ಗಿದರೆಂದರೆ ಕೂಸು ಅವರ ಮೂಗನ್ನು ಹಿಡಿದುಕೊಂಡಿತು. ಕಾಕಾ ಅಲ್ಲಾಡಲಿಲ್ಲ. ಮೂಗಿನಲ್ಲೇ ಹೇಳಿದರು, “ನೋಡು, ಮುಟ್ಟಿದ್ದು ಅವಳು. ನಾನಲ್ಲ.”

ನಾವೆಲ್ಲ ನಕ್ಕೆವು. ಆ ಕೈ ಬಿಚ್ಚಿ ಕೂಸನ್ನು ಕೊಡಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದು ಬರೆದದ್ದು ಸುಳ್ಳು. ಹೊಳೆದಿತ್ತು, ಅತ್ತೆ ಪಕ್ಕದಲ್ಲಿದ್ದರು.

ಹೋದ ವರ್ಷ ಸಕ್ಕರೆ ಕಾಯಿಲೆ ಏರಿ ಅವರ ಬೆರಳುಗಳು ಜಡವಾದವು. ಆ ಮೇ ತಿಂಗಳಲ್ಲಿ ಈಶಾಡವನ್ನು ನಾನೇ ಹಬ್ಬುವಾಡಕ್ಕೆ ಒಯ್ದೆ. ನನ್ನನ್ನು ಕಂಡದ್ದೇ ಅವರು ಕೈಗಳನ್ನು ಹೊದಿಕೆಯ ಒಳಗೆ ಎಳೆದುಕೊಂಡರು. ಅದು ಅವರದೇ ಮನೆ, ಅವರದೇ ಮಂಚ.

ನಾನು ಹೊದಿಕೆಯೊಳಗೆ ಕೈ ಹಾಕಿ ಅವರ ಬೆರಳು ಹಿಡಿದುಕೊಂಡೆ. “ಗೊತ್ತಾಗ್ತದಾ ಕಾಕಾ?”

“ಇಲ್ಲ. ಕೋಶ ಅಲ್ಲೇ ಇರ್ಬಹುದು. ಸುದ್ದಿ ಒಯ್ಯೂ ನರ ಕೆಲ್ಸ ಬಿಟ್ಟದೆ.”

ಬೆರಳು ಬಿಡದೆಯೇ ಕೇಳಿದೆ. “ಅವತ್ತು ಅತ್ತೆ ಕೇಳಿದಾಗ ನೀವು ಏನು ಹೇಳೂಕೆ ಹೊರಟಿದ್ರಿ?”

“ಎಂತದೂ ಇಲ್ಲ. ಇಲಿ ವಿಷ್ಯ.”

ಮಾವಶಿ ಬಾಗಿಲಲ್ಲಿ ನಿಂತಿದ್ದಳು. “ಇಲಿಯಂತೆ ಇಲಿ. ಮಗಳು ಅಂತ ಹೇಳೂಕೆ ಇವ್ರಿಗೆ ಅಷ್ಟು ಸುತ್ತಿನ ದಾರಿ ಬೇಕು,” ಎಂದು ಒಳಗೆ ಹೋದಳು.

ಕಾಕಾ ತಲೆಯನ್ನು ಮೆಲ್ಲಗೆ ಹೊರಳಿಸಿ ಕೆನ್ನೆಯನ್ನು ದಿಂಬಿನ ಮೇಲಿದ್ದ ನನ್ನ ಇನ್ನೊಂದು ಅಂಗೈಗೆ ತಾಗಿಸಿದರು. “ಇಲ್ಲಿ ಇನ್ನೂ ಗೊತ್ತಾಗ್ತದೆ,” ಎಂದರು. ನಾಲ್ಕು ದಿನದ ಗಡ್ಡ. “ಚುಚ್ತದಾ ಮಗೂ?”

ಮೊನ್ನೆ ಅಂಕೋಲೆಯಲ್ಲಿ ಈಶಾಡದ ಬುಟ್ಟಿಯ ಮುಂದೆ ಕೂತೆ. ಅದೇ ಹೆಂಗಸು. ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದ ನನ್ನನ್ನು ಕಂಡು ಅವಳು ಕೇಳಿದಳು, “ನಮ್ಮ ಕಾರವಾರದ ಮಾಸ್ತರ್ ಹಾಂಗೇ ಮಾಡ್ತ್ರಲ್ಲ ನೀವು. ಅವ್ರಿಗೆ ಏನಾಗ್ಬೇಕು?”

“ಮಗಳು,” ಎಂದೆ.

“ಅಂಕೋಲೆಗೆ ಕೊಟ್ಟ ಮಗಳಾ? ನಿಂದೇ ಸುದ್ದಿ ಹೇಳೂರು. ಮಗಳಿಗೆ ತಿನ್ನೂಕೆ, ಸಮಾ ನೋಡ್ಬೇಕು ಅಂತ ಅರ್ಧ ತಾಸು ನನ್ನ ತಲೆ ತಿನ್ನೂರು. ಹೋದ ವರ್ಷನೂ ಇಲ್ಲ, ಈ ವರ್ಷನೂ ಇಲ್ಲ. ಎಲ್ಲಿ ಅವ್ರು?”

ನನ್ನ ಬೆರಳು ಹಣ್ಣಿನ ಮೇಲೆಯೇ ಇತ್ತು. ಮಾಗಿದೆಯೋ ಇಲ್ಲವೋ, ನನಗೆ ತಿಳಿಯಲಿಲ್ಲ.